ಎಣ್ಣೆಯಲ್ಲಿ ಕಲಸಿದ ಕುಂಕುಮ

ಮಳೆಯಲ್ಲಿ ಯಾರ ಕಾರಿನ ಮುಂದಿನ ಸೀಟಿನಲ್ಲಿ ಕೂತರೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. ಓಡಿಸುವವರಿಗೆ ಇದು ಕಿರಿಕಿರಿ. ‘ಹಿಂದೆ ಕೂತುಬಿಡು, ಹಾಯಾಗಿರುತ್ತೀ’ ಅನ್ನುತ್ತಾರೆ. ಹಿಂದೆ ಕೂತರೆ ಇನ್ನೂ ಕಷ್ಟ. ಎರಡು ತಲೆಗಳ ನಡುವಿನ ಸಂದಿಯಲ್ಲಿ ಕತ್ತು ತೂರಿಸಿಕೊಂಡು ಗಾಜನ್ನೇ ನೋಡುತ್ತಿರುತ್ತೇನೆ. ಈಗಿನ ಕಾರುಗಳ ಗಾಜು ಎಷ್ಟು ಸ್ವಚ್ಛ, ವೈಪರ್ ಎಷ್ಟು ಸಲೀಸು ಎಂದು ಎಲ್ಲರೂ ನನಗೆ ತಿಳಿಹೇಳುತ್ತಾರೆ. ತಿಳಿದಿದೆ. ಕಾಲಿಗೆ ತಿಳಿಯುತ್ತಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಪದವಿ ಮುಗಿಸಿದ ಮೇಲೆ ಮದುವೆಯಾಗಿ ಫೋಂಡಾಕ್ಕೆ ಬಂದಿದ್ದೆ. ಸಾಂಕೋಲೆಯಲ್ಲಿ ಬಣ್ಣ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಪರೀಕ್ಷಾ ಕೊಠಡಿಯಲ್ಲಿ ಕೆಲಸ ಸಿಕ್ಕಿತು. ಫೋಂಡಾದಿಂದ ಹೋಗುವವರಿಗಾಗಿ ಕಾರ್ಖಾನೆಯವರು ಬಾಡಿಗೆಗೆ ಒಂದು ವ್ಯಾನು ಗೊತ್ತುಮಾಡಿದ್ದರು. ಪ್ಯಾಕಿಂಗಿನ ಹೆಂಗಸರು, ಒಂದಿಬ್ಬರು ಫಿಟ್ಟರುಗಳು, ಉಗ್ರಾಣ ನೋಡಿಕೊಳ್ಳುವ ಒಬ್ಬ ಹಿರಿಯರು, ನಾನು. ಓದಿದವಳು ಎಂಬ ಮರ್ಯಾದೆಗೆ ಮುಂದಿನ ಎಡಗಡೆಯ ಸೀಟು ನನಗೆ ಬಿಟ್ಟಿದ್ದರು. ಆ ಮರ್ಯಾದೆ ಇಲ್ಲದಿದ್ದರೆ ಹಿಂದೆ ಹೆಂಗಸರ ನಡುವೆ ಕಣ್ಣುಮುಚ್ಚಿ ತೂಕಡಿಸುತ್ತ ಹೋಗುತ್ತಿದ್ದೆ, ಈ ಬರಹವೂ ಇರುತ್ತಿರಲಿಲ್ಲ.

ವ್ಯಾನು ಚಾಲಕನದೇ. ವಿಜಾಪುರದ ಕಡೆಯವನು. ಮೊದಲು ಸಾವರ್ಡೆಯಲ್ಲಿ ಅದಿರಿನ ಟಿಪ್ಪರು ಓಡಿಸುತ್ತಿದ್ದವನು ಅಲ್ಲಿಂದ ಬಿಟ್ಟುಬಂದು ಈ ಹಳೆಯ ವ್ಯಾನು ಕೊಂಡಿದ್ದ. ದೊಡ್ಡ ಮೈ, ದೊಡ್ಡ ನಗು. ಅವನ ಹೆಂಡತಿ ನಮ್ಮದೇ ಕಾರ್ಖಾನೆಯ ಪ್ಯಾಕಿಂಗಿನಲ್ಲಿ ಡಬ್ಬಿಗಳಿಗೆ ಮುಚ್ಚಳ ಬಡಿಯುವ ಕೆಲಸ ಮಾಡುತ್ತಿದ್ದಳು. ಅವಳ ಜಾಗ ಚಾಲಕನ ಸೀಟಿನ ಸರಿಯಾಗಿ ಹಿಂದೆ. ಅಲ್ಲಿ ಕೂತರೆ ಅವನ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಬೇಸಿಗೆಯಲ್ಲಿ ಆ ವ್ಯಾನಿನ ಬಗ್ಗೆ ದೂರುವಂಥದ್ದೇನೂ ಇರಲಿಲ್ಲ. ಜೂನ್ ಬಂದರೆ ಶುರು. ಗೋವಾದ ಮಳೆ ನಮ್ಮ ಕಡೆಯ ಮಳೆಯ ಹಾಗೆ ಬಂದು ಹೋಗುವುದಿಲ್ಲ, ಬಂದು ಕೂತುಬಿಡುತ್ತದೆ. ವ್ಯಾನಿಗೆ ಇದ್ದದ್ದು ಒಂದೇ ವೈಪರ್, ಚಾಲಕನ ಕಡೆಗೆ. ನನ್ನ ಕಡೆಯದು ಯಾವಾಗಲೋ ಮುರಿದು ಅದರ ಬುಡದ ಮೊಳೆಯಷ್ಟೇ ಉಳಿದಿತ್ತು. ನನ್ನ ಮುಂದೆ ಇಡೀ ಮಳೆಗಾಲ ಒಂದು ನೀರಿನ ಪರದೆ. ಆದರೂ ಕತ್ತು ಬಲಕ್ಕೆ ವಾಲಿಸಿದರೆ ವೈಪರ್ ಉಜ್ಜಿದ ಅರ್ಧಚಂದ್ರದಲ್ಲಿ ಒಂದಿಷ್ಟು ದಾರಿ ಕಾಣಬೇಕು. ಕಾಣುತ್ತಿರಲಿಲ್ಲ. ವೈಪರ್ ಹೋದ ಕಡೆಯೆಲ್ಲ ಹಾಲಿನ ಕೆನೆ ಬಳಿದ ಹಾಗೆ ಒಂದು ಮಸುಕು. ಎದುರಿನ ಲಾರಿಯ ದೀಪ ಅದರ ಮೇಲೆ ಬಿದ್ದರೆ ಒಡೆದ ಬಳೆಯ ಚೂರುಗಳಂತೆ ಗಾಜಿನ ತುಂಬ ಹರಡಿಬಿಡುತ್ತಿತ್ತು.

“ಏನರ ಕಾಣತೈತೇನ್ರಿ ನಿಮಗ?” ಎಂದು ಕೇಳಿದರೆ ಅವನು ನಗುತ್ತಿದ್ದ.

“ಎಲ್ಲಾ ಕಾಣತೈತ್ರಿ ಅಕ್ಕಾರ. ಕಾಣದಿದ್ರ ಇಷ್ಟ ವರ್ಷ ಗಾಡಿ ಹೆಂಗ ಹೊಡದೆ?”

“ನನಗ ಕಾಣವಲ್ದು.”

“ನಿಮಗ ಕಾಣಬೇಕಂತ ಯಾರ ಹೇಳ್ಯಾರ್ರಿ? ನೀವು ಆರಾಮ ಕುಂದರ್ರಿ.”

ಹಿಂದೆ ಹೆಂಗಸರು ಕಿಸಕ್ಕನೆ ನಗುತ್ತಿದ್ದರು. ನನ್ನ ಹೆದರಿಕೆ ಆ ವ್ಯಾನಿನ ನಿತ್ಯದ ತಮಾಷೆಯಾಗಿತ್ತು.

ಗಾಜಿನ ವಿಷಯದಲ್ಲಿ ಸಲಹೆಗಳಿಗೇನೂ ಕೊರತೆ ಇರಲಿಲ್ಲ. ಉಗ್ರಾಣದ ಹಿರಿಯರು ಫೋಂಡಾದವರೇ, ಮನೆಮಾತು ಕೊಂಕಣಿ. ಎಲ್ಲರೂ ಅವರನ್ನು ‘ಪಾತ್ರಾಂವ್’ ಎನ್ನುತ್ತಿದ್ದರು. ಯಜಮಾನರೇ ಅಂದ ಹಾಗೆ. ಅವರಿಗೆ ಎಲ್ಲ ಕಾಯಿಲೆಗೂ ಮದ್ದು ಗೊತ್ತು. ಮಳೆ ಜೋರಾದ ದಿನ ವ್ಯಾನು ನಿಲ್ಲಿಸಲು ಹೇಳಿ, ಸಿಗರೇಟು ಬಿಡಿಸಿ, ತಂಬಾಕನ್ನು ಅಂಗೈಯಲ್ಲಿ ನೆನೆಸಿ ಗಾಜಿಗೆ ತಿಕ್ಕುತ್ತಿದ್ದರು. ತಿಕ್ಕಿದ ಮೇಲೆ ನಿಜಕ್ಕೂ ನೀರು ಹನಿಹನಿಯಾಗಿ ನಿಲ್ಲದೆ ಹಾಳೆಯಂತೆ ಇಳಿದು ಸ್ವಲ್ಪ ಹೊತ್ತು ದಾರಿ ಕಾಣುತ್ತಿತ್ತು. ಬೋರಿಯ ಸೇತುವೆ ದಾಟುವ ಹೊತ್ತಿಗೆ ಮತ್ತೆ ಕೆನೆ. ಆಗ ಅವರು ಬಟಾಟೆಯ, ಅಂದರೆ ಆಲೂಗಡ್ಡೆಯ, ಮಾತು ತೆಗೆಯುತ್ತಿದ್ದರು.

“ಕತ್ತರಿಸಿದ ಬಟಾಟೊ ತಿಕ್ಕಬೇಕು ಬಾಯ್. ನಮ್ಮ ಅಪ್ಪನ ಕಾಲದ ಟ್ಯಾಕ್ಸಿಯವರು ಹಾಗೇ ಮಾಡೋದು.”

ಒಬ್ಬ ಫಿಟ್ಟರು ಸೀಮೆಎಣ್ಣೆ ಅಂದ. ಇನ್ನೊಬ್ಬ ಸಾಬೂನು ಅಂದ. ಬಟಾಟೆ ಬಂತು, ಸಾಬೂನು ಬಂತು, ಈರುಳ್ಳಿಯೂ ಬಂತು. ಒಂದು ವಾರ ವ್ಯಾನಿನ ಗಾಜು ಪಲ್ಯದ ವಾಸನೆ ಹೊಡೆಯುತ್ತಿತ್ತು. ಗಾಜಿನ ಮೇಲೆ ಏನು ಹಾಕಬೇಕು ಎಂಬುದನ್ನೇ ಎಲ್ಲರೂ ಯೋಚಿಸುತ್ತಿದ್ದರು. ಗಾಜಿನ ಮೇಲೆ ಈಗಾಗಲೇ ಏನಿದೆ ಎಂದು ಕೇಳುವವರು ನನ್ನ ಹೊರತು ಯಾರೂ ಇರಲಿಲ್ಲ, ನನ್ನ ಪ್ರಶ್ನೆ ಯಾರಿಗೂ ಬೇಕಿರಲಿಲ್ಲ.

ಒಳಗಿನ ಕಥೆ ಬೇರೆ. ಒದ್ದೆ ಸೀರೆ, ಒದ್ದೆ ಕೊಡೆ, ಬಿಸಿ ಬುತ್ತಿ, ಅಷ್ಟು ಜನರ ಉಸಿರು. ಎಲ್ಲ ಕಿಟಕಿ ಮುಚ್ಚಿದರೆ ಕ್ಷಣದಲ್ಲಿ ಗಾಜು ಒಳಗಿನಿಂದ ಬೆಳ್ಳಗಾಗುತ್ತಿತ್ತು. ಚಾಲಕ ಹೆಗಲ ಮೇಲಿನ ಟವೆಲ್ಲಿನಿಂದ ಒರೆಸುತ್ತಿದ್ದ. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಕೈ ಒರೆಸಿದ ಅದೇ ಟವೆಲ್ಲು. ನಾನು ನನ್ನ ಕಡೆಯ ಕಿಟಕಿಯನ್ನು ನಾಲ್ಕು ಬೆರಳಷ್ಟು ಇಳಿಸಿ ಗಾಳಿ ಆಡಲು ಬಿಡುತ್ತಿದ್ದೆ. ಅದಕ್ಕೆ ದಿನವೂ ಜಗಳ.

“ಅಕ್ಕಾರ, ಕಿಡಕಿ ಮುಚ್ಚರಿ, ನನ್ನ ರೊಟ್ಟಿ ತೋಯಾಕತ್ತಾವು!”

“ಮುಚ್ಚಿದ್ರ ಗಾಜ ಮಬ್ಬ ಆಗತೈತಿ.”

“ಮಬ್ಬಾದ್ರ ಅಂವ ಒರಸತಾನ. ತೊಯ್ದ ರೊಟ್ಟಿ ಯಾರ ತಿಂತಾರ? ನೀವು ತಿಂತೀರೇನ?”

ನನ್ನ ಎಡತೋಳು ಆ ಮಳೆಗಾಲಗಳಲ್ಲಿ ಒಣಗಿದ್ದೇ ನೆನಪಿಲ್ಲ. ಕಿಟಕಿ ಮಾತ್ರ ಏರಿಸಲಿಲ್ಲ.

ಹೊರಗಿನ ಮಸುಕಿನ ಮೂಲ ನನಗೆ ಗೊತ್ತಾದದ್ದು ಒಂದು ಅಮಾವಾಸ್ಯೆಯ ಬೆಳಿಗ್ಗೆ. ನಮ್ಮ ಕಡೆಯ ಗಾಡಿಯವರು ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು, ಹೂವು ಹಾಕಿ, ವಿಭೂತಿ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದೇ ಹೊರಡುತ್ತಾರೆ. ಊರು ಬಿಟ್ಟು ಗೋವಾಕ್ಕೆ ಬಂದರೂ ಅಮಾಸಿ ಬಿಟ್ಟವರಿಲ್ಲ. ನಮ್ಮ ಕಡೆ ಒಣ ಕುಂಕುಮ ಸಾಕು, ಗಾಜಿಗೆ ಒತ್ತಿದರೆ ವಾರಗಟ್ಟಲೆ ಇರುತ್ತದೆ. ಗೋವಾದ ಮಳೆಯಲ್ಲಿ ಅದು ಬೀದಿಯ ತಿರುವು ಮುಟ್ಟುವ ಮೊದಲೇ ತೊಳೆದುಹೋಗುತ್ತದೆ. ಆ ದಿನ ನಾನು ಸ್ವಲ್ಪ ಬೇಗ ಹೋಗಿದ್ದೆ. ಚಾಲಕನ ಹೆಂಡತಿ ಬಟ್ಟಲಿನಲ್ಲಿ ಕುಂಕುಮ ಹಾಕಿ, ಅದಕ್ಕೆ ಕೊಬ್ಬರಿ ಎಣ್ಣೆ ಸುರಿದು, ಬೆರಳಿನಿಂದ ನುಣ್ಣಗೆ ಕಲಸುತ್ತಿದ್ದಳು. ನಮ್ಮ ಕಾರ್ಖಾನೆಯಲ್ಲಿ ಬಣ್ಣ ಕಲಸುವ ರೀತಿಯಲ್ಲೇ. ಕಲಸಿದ್ದನ್ನು ಮೊರದ ಮೇಲೆ ನಿಂತು ಚಾಲಕನ ಕಡೆಯ ಗಾಜಿನ ಮೇಲಂಚಿಗೆ ಅಂಗೈಯಗಲ ಬಳಿದಳು. ಅಲ್ಲ, ಮೊರ ಅಲ್ಲ, ಮಣೆ. ಮಣೆಯ ಮೇಲೆ ನಿಂತಿದ್ದಳು.

ಬಣ್ಣದ ಕಾರ್ಖಾನೆಯ ಜನ ನಾವು. ಎಣ್ಣೆ ಒಂದು ಮೇಲ್ಮೈಗೆ ಹೇಗೆ ಹಿಡಿಯುತ್ತದೆ, ತೆಳ್ಳಗೆ ಎಳೆದಷ್ಟೂ ಹೇಗೆ ಹರಡುತ್ತದೆ, ನೀರಿಗೆ ಹೇಗೆ ಜಗ್ಗುವುದಿಲ್ಲ ಎಂಬುದರ ಮೇಲೆ ನಮ್ಮ ಅನ್ನ ನಡೆಯುತ್ತಿತ್ತು. ಮಳೆಗೆ ಆ ಮುದ್ದೆ ಮೆಲ್ಲಗೆ ಕೆಳಗಿಳಿಯುತ್ತದೆ. ವೈಪರ್ ಅದರ ಅಂಚನ್ನು ಹಿಡಿದು ಇಡೀ ಗಾಜಿಗೆ ಸಾರಿಸುತ್ತದೆ. ಮುಂದಿನ ಅಮಾವಾಸ್ಯೆಗೆ ಮತ್ತೊಂದು ಮುದ್ದೆ. ಇದನ್ನು ನಾನು ಚಾಲಕನಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡು, “ಅದು ಆಕಿ ಖಾತೆರೀ ಅಕ್ಕಾರ, ಆಕಿನ್ನ ಕೇಳ್ರಿ” ಎಂದು ಹಿಂದಕ್ಕೆ ಕೈ ತೋರಿಸಿದ. ಅವಳು ಕೇಳಿಸಿಕೊಂಡೂ ಕೇಳಿಸದವಳಂತೆ ಹೊರಗೆ ನೋಡುತ್ತಿದ್ದಳು.

ಮಣ್ಣೆತ್ತಿನ ಅಮಾವಾಸ್ಯೆಯ ಮಾರನೆಯ ದಿನ ನನ್ನ ಸಹನೆ ಮುಗಿಯಿತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಪರೀಕ್ಷಾ ಕೊಠಡಿಯಿಂದ ಸ್ಪಿರಿಟ್ಟು, ಹಳೆಯ ಪತ್ರಿಕೆಗಳ ಕಟ್ಟು ತೆಗೆದುಕೊಂಡು ಹೋಗಿ ಗಾಜನ್ನು ಉಜ್ಜಿದೆ. ಕೆಂಪು ಎಣ್ಣೆ ಪತ್ರಿಕೆಗೆ ಹತ್ತಿ ಹತ್ತಿ ಬಂತು. ಆ ಸಂಜೆ ಮಳೆ ಸುರಿಯುತ್ತಿದ್ದರೂ ವೆರ್ಣೆಯ ಬಯಲಿನಲ್ಲಿ ದೂರದ ತಿರುವಿನ ತನಕ ದಾರಿ ಕಂಡಿತು. ಅಂಥ ಸುಖ ಎಷ್ಟೋ ದಿನದ ಮೇಲೆ. ಚಾಲಕನೂ ಸಿಳ್ಳೆ ಹಾಕುತ್ತ ಓಡಿಸಿದ. ಫೋಂಡಾದಲ್ಲಿ ಇಳಿಯುವಾಗ ಅವನ ಹೆಂಡತಿ ಗಾಜಿನ ಮುಂದೆ ಬಂದು ನಿಂತಳು.

“ಯಾರ ಅಳಿಸಿದ್ರು?”

ನಾನೇ ಅಂದೆ: “ನಾನs. ಎಣ್ಣಿ ಗಾಜಿಗೆ ಮೆತ್ತಿ ಅವರಿಗೆ ದಾರಿ ಕಾಣವಲ್ದಾಗಿತ್ತು.”

“ನಿನ್ನೆ ಹಚ್ಚಿದ್ದನ್ನ ಇವತ್ತ ಅಳಿಸಿದ್ರಿ? ನಿಮ್ಮ ಹಣಿಮ್ಯಾಗಿಂದ ಯಾರರ ಹಿಂಗ ಅಳಿಸಿದ್ರ ಸುಮ್ಮ ಇರತಿದ್ರೇನು?”

ಅವಳ ದನಿ ಏರಿರಲಿಲ್ಲ. ಅಲ್ಲೇ, ಕೊಡೆಯ ಕೆಳಗೆ, ಅವಳು ತನ್ನ ಅಣ್ಣನ ಸಂಗತಿ ಹೇಳಿದಳು. ಅವನೂ ಸಾವರ್ಡೆಯಲ್ಲಿ ಟಿಪ್ಪರು ಓಡಿಸುತ್ತಿದ್ದವನು. ಒಂದು ಅಮಾವಾಸ್ಯೆ ಪೂಜೆ ಮಾಡಿ ಹೊರಟ, ಹೊರಡುವಾಗಲೇ ಮಳೆಗೆ ಕುಂಕುಮ ಗಾಜಿನ ಮೇಲೆ ರಕ್ತದ ಹಾಗೆ ಇಳಿದುಹೋಯಿತು. ಆ ವಾರದಲ್ಲೇ ಟಿಪ್ಪರು ಗಣಿಯ ದಾರಿಯಲ್ಲಿ ಮಗುಚಿತು. ಅಣ್ಣ ಬದುಕಿದ, ಒಂದು ಕಾಲು ಹೋಯಿತು. ಗಂಡ ಸಾವರ್ಡೆ ಬಿಟ್ಟು ಬಂದದ್ದೂ ಆಮೇಲೆಯೇ, ಇವಳ ಹಟಕ್ಕೆ. ಅಂದಿನಿಂದ ಕುಂಕುಮಕ್ಕೆ ಎಣ್ಣೆ.

“ನೀರಿಗಿ ಹೋಗಬಾರದ್ರಿ ಅದು. ನೀವು ಕಲತವರು, ನಿಮಗ ಇದು ಹುಚ್ಚ ಅನಿಸತೈತಿ. ಅನಿಸಲಿ.”

ಮಾರನೆಯ ಬೆಳಿಗ್ಗೆ ಗಾಜಿನ ಮೇಲೆ ಮೊದಲಿಗಿಂತ ದೊಡ್ಡ ಮುದ್ದೆ ಇತ್ತು. ನಾನು ಕಾರ್ಖಾನೆಯ ಮ್ಯಾನೇಜರರ ಬಳಿ ಹೋದೆ. ಅವರು ಕೇಳಿ, ನಕ್ಕು, ಪೂಜೆ ಪುನಸ್ಕಾರದ ವಿಷಯಕ್ಕೆ ಕಾರ್ಖಾನೆ ಕೈಹಾಕುವುದಿಲ್ಲ ಅಂದರು. ಎಡಗಡೆಗಾದರೂ ಒಂದು ವೈಪರ್ ಹಾಕಿಸಿ ಅಂದೆ. ಗಾಡಿ ಬಾಡಿಗೆಯದು, ಅದು ಚಾಲಕನ ಜವಾಬ್ದಾರಿ ಅಂದರು. ಚಾಲಕನಿಗೆ ಹೇಳಿದರೆ, “ಎಡಕ್ಕ ಯಾಕ್ರಿ ವೈಪರ್? ಎಡಕ್ಕ ಯಾರ ಗಾಡಿ ಹೊಡೀತಾರು?” ಎಂದ. ಮನೆಯಲ್ಲಿ ಗಂಡನಿಗೆ ಹೇಳಿದರೆ ಕೆಲಸ ಬಿಟ್ಟುಬಿಡು ಅಂದರು. ಒಂದು ಗಾಜು ಒರೆಸುವ ವಿಷಯಕ್ಕೆ ಇಷ್ಟು ಬಾಗಿಲು ಬಡಿದು ಎಲ್ಲ ಕಡೆಯಿಂದ ಇಂಥ ಮಾತು ಕೇಳಿ ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಮುಂದಿನದು ನಾಗರ ಅಮಾವಾಸ್ಯೆ.

ಆ ಬೆಳಿಗ್ಗೆಯ ಮಳೆ ಹೇಗಿತ್ತೆಂದರೆ ಪೂಜೆಗೆ ವ್ಯಾನಿನ ಮೂತಿಯನ್ನು ಒಂದು ಅಂಗಡಿಯ ತಗಡಿನ ಚಪ್ಪರದ ಕೆಳಗೆ ತೂರಿಸಬೇಕಾಯಿತು. ಎಣ್ಣೆಕುಂಕುಮ ಹಚ್ಚಿದರು, ಕಾಯಿ ಒಡೆದರು, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿ ಹೊರಟೆವು. ಕೊಬ್ಬರಿಯ ಚೂರುಗಳನ್ನು ಎಲ್ಲರಿಗೂ ಹಂಚಿದರು. ನಾನೂ ಒಂದು ತೆಗೆದುಕೊಂಡು ಕಚ್ಚಿದೆ. ಕಿಟಕಿ ನಾಲ್ಕು ಬೆರಳು ಇಳಿದಿತ್ತು. ಹಿಂದೆ ಎಂದಿನಂತೆ ರೊಟ್ಟಿಯ ಗೊಣಗಾಟ.

ಬೋರಿಯ ಇಳಿಜಾರು ಸೇತುವೆಯ ಕಡೆಗೆ ಎಡಕ್ಕೆ ತಿರುಗುತ್ತ ಇಳಿಯುತ್ತದೆ. ರಸ್ತೆಯ ತುಂಬ ಕೆಂಪು ನೀರು. ಗಾಜಿನಲ್ಲಿ ಏನೂ ಇರಲಿಲ್ಲ. ಬಲಗಡೆ ಕೆಂಪನೆಯ ಮಸುಕು, ಎಡಗಡೆ ನೀರು. ಚಾಲಕ ಮುಂದಕ್ಕೆ ಬಾಗಿ, ವೈಪರಿನ ಕೆಳಗೆ ಉಳಿದಿದ್ದ ಒಂದು ಸಣ್ಣ ಸಂದಿಯಲ್ಲಿ ನೋಡುತ್ತಿದ್ದ. ಗಾಡಿಯ ವೇಗ ಹೆಚ್ಚೇನೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ. ತಿರುವಿನಲ್ಲಿ ನಾನು ಕಿಟಕಿಯ ಸಂದಿಯಿಂದ ಹೊರಗೆ ನೋಡಿದೆ.

ಗೋಡೆ ಕಟ್ಟುವ ಕೆಂಪು ಚಿರೇಕಲ್ಲು ತುಂಬಿದ ಲಾರಿಯೊಂದು ನಮ್ಮದೇ ಬದಿಯಲ್ಲಿ ಕೆಟ್ಟು ನಿಂತಿತ್ತು. ಹಿಂದೆ ಬರುವವರಿಗೆ ತಿಳಿಯಲೆಂದು ಗೋಡಂಬಿಯ ಒಂದು ಟೊಂಗೆ ಮುರಿದು ರಸ್ತೆಗೆ ಹಾಕಿದ್ದರು. ಆ ಹಸಿರು ಮಳೆಯಲ್ಲಿ ಆ ಹಸಿರು ಟೊಂಗೆ ಯಾರಿಗೆ ಕಾಣಬೇಕು? ಲಾರಿಯ ಹಿಂದೆ ಒಬ್ಬ ಮನುಷ್ಯ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಒಂದು ಕಲ್ಲನ್ನು ಎರಡು ಕೈಯಲ್ಲಿ ಎತ್ತಿ, ಹಿಂದಿನ ಗಾಲಿಗೆ ಒತ್ತು ಕೊಡಲು ಬಗ್ಗುತ್ತಿದ್ದ. ಅವನ ಬೆನ್ನು ನಮ್ಮ ಕಡೆಗಿತ್ತು.

ನಾನು ಕಿರುಚಿದೆ. ಬಾಯಲ್ಲಿ ಕೊಬ್ಬರಿ ಇತ್ತು. ಏನು ಶಬ್ದ ಬಂತೋ ಗೊತ್ತಿಲ್ಲ, ಮಾತಂತೂ ಅಲ್ಲ. ಕಾಲು ನೆಲಕ್ಕೆ ಒತ್ತಿತು. ಚಾಲಕ ಬ್ರೇಕು ಹಾಕಿದ. ವ್ಯಾನು ನಿಲ್ಲಲಿಲ್ಲ. ಕೆಂಪು ನೀರಿನ ಮೇಲೆ, ಸದ್ದೇ ಇಲ್ಲದೆ, ಬಹಳ ಮೆತ್ತಗೆ ಜಾರುತ್ತ ಹೋಯಿತು. ಆ ಮೆತ್ತಗಿನ ಜಾರಿಕೆಯೇ ನನಗೆ ಈಗಲೂ ನೆನಪಿಗೆ ಬರುವುದು. ಆ ಮನುಷ್ಯ ತಿರುಗಿ ನೋಡಿದ್ದು, ಟೊಂಗೆ ನಮ್ಮ ಕೆಳಗೆ ಲಟಕ್ಕೆಂದದ್ದು, ಅವನು ಕಲ್ಲು ಬಿಟ್ಟು ಚರಂಡಿಗೆ ಹಾರಿದ್ದು. ಆಮೇಲೆ ಟಕ್ ಎಂದು ಒಂದು ಸಣ್ಣ ಸದ್ದು, ಬಾಗಿಲು ತಟ್ಟಿದಷ್ಟೇ. ವ್ಯಾನಿನ ಮೂತಿ ಲಾರಿಯ ಹಿಂಬದಿಗೆ ತಾಗಿ ನಿಂತಿತ್ತು. ಅವನು ಬಿಟ್ಟ ಕಲ್ಲು ನಮ್ಮ ಮುಂದಿನ ಗಾಲಿಗೆ ಸಿಕ್ಕಿತ್ತು. ಪ್ರಾಯಶಃ ನಮ್ಮನ್ನು ಕೊನೆಗೆ ನಿಲ್ಲಿಸಿದ್ದು ಅದೇ.

ಕಿಟಕಿಯ ಸಂದಿಯಲ್ಲಿ ಅವನ ಮುಖ ನನಗೆ ಮೊಳ ದೂರದಲ್ಲಿತ್ತು. ಮೊಣಕಾಲಿನವರೆಗೆ ಚರಂಡಿಯ ನೀರಿನಲ್ಲಿ ನಿಂತಿದ್ದ. ಕೊಪ್ಪೆ ತಲೆಯ ಮೇಲೆ ಹಾಗೇ ಇತ್ತು. ಎರಡೂ ಕೈಗಳು ಕಲ್ಲು ಹಿಡಿದ ಅಳತೆಯಲ್ಲೇ ಎದೆಯ ಮುಂದೆ ಚಾಚಿಕೊಂಡಿದ್ದವು. ಕಲ್ಲು ಇರಲಿಲ್ಲ. ಅವನಿಗೆ ಅದು ಇನ್ನೂ ಗೊತ್ತಾಗಿರಲಿಲ್ಲ.

ಗೊತ್ತಾದ ಮೇಲೆ ಬೈದ. ನಮ್ಮ ಕಡೆಯವನೇ.

“ಏ, ಕಣ್ಣ ಮನ್ಯಾಗ ಇಟ್ಟ ಬಂದೀಯೇನಲೇ? ಇಷ್ಟ ದೊಡ್ಡ ಲಾರಿ ಕಾಣಸಲಿಲ್ಲ ನಿನಗ?”

ಚಾಲಕ ಸ್ಟೇರಿಂಗು ಬಿಟ್ಟಿರಲಿಲ್ಲ. “ಕಾಣಲಿಲ್ಲೋ ಯಪ್ಪಾ,” ಅಂದ. “ಖರೇನ ಏನೂ ಕಾಣಲಿಲ್ಲ.”

ನಾನು ಈ ಮಾತನ್ನು ನನ್ನ ಕಿವಿಯಾರೆ ಕೇಳಿದೆ. ಸೇತುವೆ ದಾಟಿ, ಲೊಟ್ಲಿ ದಾಟಿ ಕಾರ್ಖಾನೆ ಮುಟ್ಟುವ ಹೊತ್ತಿಗೆ ಅದು “ಬ್ರೇಕ ಹಿಡೀಲಿಲ್ಲರಿ, ರಸ್ತೆ ಜಾರಿತ್ತು” ಆಗಿತ್ತು. ಸಂಜೆಗೆ “ಲಾರಿಯವಂದ ತಪ್ಪು, ತಿರುವಿನ್ಯಾಗ ನಿಲ್ಲಸ್ಯಾನ” ಆಯಿತು.

ಅದಕ್ಕಿಂತ ಹೆಚ್ಚು ನನ್ನನ್ನು ಉರಿಸಿದ್ದು ಆ ಇಳಿಜಾರಿನಲ್ಲೇ ನಡೆದದ್ದು. ಎಲ್ಲರೂ ಇಳಿದು ನಿಂತಿದ್ದರು. ಚಾಲಕನ ಹೆಂಡತಿ ವ್ಯಾನಿನ ಮುಂದೆ ಹೋಗಿ ಗಾಜನ್ನು ನೋಡಿದಳು. ಅರ್ಧ ಕರಗಿದ್ದರೂ ಕುಂಕುಮ ಅಲ್ಲೇ ಇತ್ತು.

“ನೋಡ್ರಿ, ಹಂಗs ಐತಿ,” ಅಂದಳು. “ಅದಕ್ಕs ಉಳದೇವಿ.”

ಹೆಂಗಸರೆಲ್ಲ ಕೈಮುಗಿದರು. ಪಾತ್ರಾಂವ್ ಸಹ ಟೊಪ್ಪಿಗೆ ತೆಗೆದು, “ದೇವ್ ಬರೆಂ ಕರೂಂ” ಅಂದರು, ದೇವರು ಒಳ್ಳೆಯದು ಮಾಡಲಿ ಎಂದು. ನಾನು ಮಾತಾಡಲು ಹೋದೆ. ಹಲ್ಲು ಒಂದಕ್ಕೊಂದು ಬಡಿಯುತ್ತಿದ್ದವು. ಆ ಗಾಜಿನಿಂದಲೇ ಅಲ್ಲವೇ ಹೀಗಾದದ್ದು, ನಾನು ಕಂಡದ್ದು ನೀವೆಲ್ಲ ಬೈಯುವ ಆ ಕಿಟಕಿಯ ಸಂದಿಯಿಂದ ಅಲ್ಲವೇ ಎಂದು ಕೇಳಬೇಕಿತ್ತು. ಒಬ್ಬಳು ನನ್ನ ಬೆನ್ನು ಸವರಿ, “ಅಕ್ಕಾರು ಭಾಳ ಅಂಜ್ಯಾರ, ನೀರ ಕೊಡ್ರಿ” ಅಂದಳು. ನೀರು ಕೊಟ್ಟರು. ಎಲ್ಲರೂ ಹತ್ತಿ ಕೂತರು. ಅದೇ ಗಾಜಿನ ಹಿಂದೆ ಮತ್ತೆ ಹೊರಟೆವು.

ಆಮೇಲಿನ ದಿನಗಳಲ್ಲಿ ನನಗೆ ಪ್ರಯೋಗದ ಅಳತೆಗಳನ್ನು ಓದಿ ಬರೆಯುವುದಕ್ಕೂ ಮನಸ್ಸು ನಿಲ್ಲುತ್ತಿರಲಿಲ್ಲ. ಬಣ್ಣದ ಮಾದರಿಯನ್ನು ಗಾಜಿನ ಪಟ್ಟಿಯ ಮೇಲೆ ಎಳೆಯುವಾಗ ಅದರ ಹಿಂದೆ ಕೊಪ್ಪೆ ಹಾಕಿದ ಮನುಷ್ಯ ನಿಂತಿರುತ್ತಿದ್ದ. ಶ್ರಾವಣ ಕಳೆಯುತ್ತ ಬಂತು, ಇನ್ನೊಂದು ಅಮಾವಾಸ್ಯೆ ಹತ್ತಿರವಾಯಿತು. ಈ ಸಲ ಇನ್ನೂ ಹೆಚ್ಚು ಹಚ್ಚುತ್ತಾಳೆ ಎಂದು ಗೊತ್ತಿತ್ತು. ಅಮಾವಾಸ್ಯೆಯ ಹಿಂದಿನ ಸಂಜೆ, ವ್ಯಾನಿನಿಂದ ಇಳಿದವಳು ಮನೆಗೆ ಹೋಗದೆ ಅವರ ಹಿಂದೆಯೇ ಅವರ ಮನೆಗೆ ಹೋದೆ.

ಅವಳು ಚಹಾ ಕೊಟ್ಟಳು. ನಾನು ನೇರವಾಗಿ ಕೇಳಿದೆ. “ಕುಂಕುಮ ಬಂಪರಿಗೆ ಹಚ್ಚರಿ. ಎಷ್ಟ ಬೇಕಾದಷ್ಟ ಎಣ್ಣಿ ಹಾಕ್ರಿ.”

“ಹಣಿ ಬಿಟ್ಟ ಗದ್ದಕ್ಕ ಯಾರರ ಹಚ್ಚತಾರೇನ್ರಿ ಅಕ್ಕಾರ?”

“ಹಂಗಾರ ಗಾಜಿನ ಒಳಗ ಹಚ್ಚರಿ.”

“ಕೆಟ್ಟದ್ದು ಹೊರಗಿಂದ ಬರತೈತಿ. ಒಳಗ ಹಚ್ಚಿ ಏನ ಉಪಯೋಗ?”

ಚಾಲಕ ಕಟ್ಟೆಯ ಮೇಲೆ ಕೂತು, “ಅಕ್ಕಾರ, ಆಕಿ ಕೂಡ ವಾದಾ ಮಾಡಿ ಗೆದ್ದಾವರನ್ನ ನಾ ಇನ್ನೂ ನೋಡಿಲ್ಲ” ಎಂದು ನಗುತ್ತಿದ್ದ. ನನಗೆ ನಗು ಬರಲಿಲ್ಲ. ಎದ್ದು ಅವಳ ಕೈ ಹಿಡಿದು ಅಂಗಳಕ್ಕೆ ಕರೆದೆ. ಮಳೆ ಸ್ವಲ್ಪ ನಿಂತಿತ್ತು. “ಒಂದ ಸಲ ಅವರ ಸೀಟಿನ್ಯಾಗ ಕುಂದರ್ರಿ. ಮತ್ತೇನೂ ಕೇಳಂಗಿಲ್ಲ.”

ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಆ ಸೀಟಿನಲ್ಲಿ ಕೂತಿರಲಿಲ್ಲ. ನಾಚಿಕೊಂಡು, ಸೆರಗು ಸರಿಮಾಡಿಕೊಂಡು ಹತ್ತಿದಳು. ಚಾಲಕನಿಗೆ ವೈಪರ್ ಹಾಕಲು ಹೇಳಿ, ನಾನು ಅಂಗಳದ ಪೀಪಾಯಿಯಿಂದ ತಂಬಿಗೆಯಲ್ಲಿ ನೀರು ತೆಗೆದು ಗಾಜಿನ ಮೇಲೆ ಸುರಿಯತೊಡಗಿದೆ. ತಿಂಗಳ ಹಿಂದಿನ ಎಣ್ಣೆ ಸಾಕಷ್ಟಿತ್ತು. ಎದುರಿಗೆ ಅವಳದೇ ಮನೆಯ ಬಾಗಿಲು, ಅದರ ಮೇಲೊಂದು ಬಲ್ಬು ಉರಿಯುತ್ತಿತ್ತು. ಗಂಡನನ್ನು ಬಾಗಿಲ ಮುಂದೆ ನಿಲ್ಲಲು ಹೇಳಿದೆ. ಅವನು ಹೋಗಿ ಕೈಕಟ್ಟಿ ನಿಂತ, ಫೋಟೋಕ್ಕೆ ನಿಂತವನಂತೆ.

“ಎಲ್ಲಿ ನಿಂತಾರ ಹೇಳ್ರಿ,” ಅಂದೆ.

ವೈಪರ್ ಆ ಕಡೆ ಈ ಕಡೆ ಹೋಗುತ್ತಲೇ ಇತ್ತು. ನಾನು ತಂಬಿಗೆಯ ಮೇಲೆ ತಂಬಿಗೆ ಸುರಿಯುತ್ತಲೇ ಇದ್ದೆ. ಅವಳು ಮುಂದಕ್ಕೆ ಬಾಗಿ, ಗಾಜಿನ ಹತ್ತಿರಕ್ಕೆ ಮುಖ ತಂದು ಹುಡುಕಿದಳು. ಆಮೇಲೆ ಸಣ್ಣ ದನಿಯಲ್ಲಿ, “ದಿನಾ ಹಿಂಗs ಕಾಣತೈತೇನು ಅವರಿಗೆ?” ಎಂದು ಕೇಳಿದಳು.

“ಮಳಿ ಇದ್ದಾಗ ದಿನಾ.”

“ನನಗೊಂದ ಮಾತ ಹೇಳಿಲ್ಲ.”

ಬಾಗಿಲ ಬಳಿಯಿಂದ ಅವನು ಕೂಗಿದ: “ಏನಂತಾಳ್ರಿ ಡ್ರೈವರ್?” ಅವಳು ಇಳಿದು ಬಂದು ಗಾಜನ್ನೇ ನೋಡುತ್ತ ನಿಂತಳು. ಕುಂಕುಮ ಬಿಡುವುದಕ್ಕೆ ಅವಳಿಗೆ ಆಗುತ್ತಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಅಣ್ಣನ ಕಾಲು ನೆನಪಾಗುತ್ತಿತ್ತೋ ಏನೋ. ಇಡಲೂ ಆಗುತ್ತಿರಲಿಲ್ಲ. ನನಗೆ ಆ ಹೊತ್ತಿಗೆ ತಾಳ್ಮೆ ಉಳಿದಿರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ನನ್ನ ಮುಂದ ಹಚ್ಚರಿ. ಎಡಕ್ಕ. ಅಲ್ಲಿ ವೈಪರ್ ಇಲ್ಲ, ಬಲಕ್ಕ ಬರಂಗಿಲ್ಲ.”

“ನಿಮಗ ಏನೂ ಕಾಣಾಂಗಿಲ್ಲಲ್ರಿ ಮತ್ತ.”

“ನಾ ಎಲ್ಲಿ ಗಾಡಿ ಹೊಡೀತೇನಿ?”

ಮಾರನೆಯ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಬಲಗಡೆಯ ಗಾಜು ಉಜ್ಜಿ ತೊಳೆದಿತ್ತು. ಯಾರು ಉಜ್ಜಿದರೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಎಡಗಡೆ, ನನ್ನ ಸೀಟಿನ ಸರಿಯಾಗಿ ಮುಂದೆ, ಎರಡು ಅಂಗೈಯಗಲದ ಎಣ್ಣೆಕುಂಕುಮ. ಹಿಂದಿನ ಎಲ್ಲ ಅಮಾವಾಸ್ಯೆಗಳದ್ದೂ ಸೇರಿ ಬಾಕಿ ತೀರಿಸಿದಂತೆ ಹಚ್ಚಿದ್ದಳು. ಮಳೆ ಬಂದಾಗ ಅದು ನನ್ನ ಕಣ್ಣೆದುರೇ ಇಳಿಯಿತು. ಕಾಯಿ ಹಂಚುವಾಗ ನನಗೆ ದೊಡ್ಡ ಚೂರು ಕೊಟ್ಟಳು. ನೀವು ಹೇಳಿದ್ದು ಸರಿ ಎಂದು ಮಾತ್ರ ಆ ದಿನವೂ ಅನ್ನಲಿಲ್ಲ, ಮುಂದೆಂದೂ ಅನ್ನಲಿಲ್ಲ. ಗಾಜು ಸ್ವಚ್ಛವಾದದ್ದು ಪಾತ್ರಾಂವರ ಬಟಾಟೆಯಿಂದ ಎಂದೇ ವ್ಯಾನಿನ ಜನ ನಂಬಿದ್ದರು. ಅವರೂ ಇಲ್ಲವೆನ್ನಲಿಲ್ಲ.

ಚಾಲಕನಿಗೆ ದಾರಿ ಕಾಣುತ್ತಿತ್ತು. ನನಗೆ ಬೇಕಿದ್ದದ್ದು ಅದೇ. ಆದರೆ ಬೋರಿಯ ಇಳಿಜಾರು ಬಂದಾಗ ನನ್ನ ಮುಂದೆ ಕೆಂಪು ನೀರಿನ ಗೋಡೆ. ತಿರುವಿನಲ್ಲಿ ಅವನು ಸ್ಟೇರಿಂಗು ತಿರುಗಿಸುವಾಗ ಬಲಕ್ಕೆ ಬಾಗಿದರೆ ಅವನ ತೋಳಿಗೆ ಅಡ್ಡ. ನಾನು ಕಿಟಕಿಯನ್ನು ನಾಲ್ಕು ಬೆರಳಿನಿಂದ ಒಂದು ಗೇಣಿಗೆ ಇಳಿಸಿದೆ. ಹಿಂದಿನಿಂದ ರೊಟ್ಟಿಯವರ ಬೈಗುಳ ಹೆಚ್ಚಾಯಿತು.

“ಮುಂದ ಏನೈತ್ರಿ?” ಎಂದು ಕೇಳುತ್ತಿದ್ದೆ.

“ರಸ್ತೆ ಐತ್ರಿ ಅಕ್ಕಾರ.”

“ರಸ್ತೆ ಬಿಟ್ಟ?”

“ಒಂದ ಬಸ್ಸ. ಬಂತ್ರಿ, ಹೋತ್ರಿ. ಒಂದ ಎಮ್ಮಿ. ಅದಕ್ಕ ನಮಸ್ಕಾರ ಹೇಳ್ಲೇನು?”

ಹೆಂಗಸರು ನಗುತ್ತಿದ್ದರು. ತೊಂಬತ್ತರ ದಶಕದಲ್ಲಿ ನಾನು ಆ ಕೆಲಸ ಬಿಡುವವರೆಗೂ ಮಳೆಗಾಲದ ಬೆಳಿಗ್ಗೆಗಳಲ್ಲಿ ಹೀಗೇ ನಡೆಯಿತು. ತಿರುವಿನಲ್ಲಿ ನಾನು ಕೇಳುವ ಮೊದಲೇ ಹೇಳುವಷ್ಟು ಅವನು ಪಳಗಿದ. ಒಮ್ಮೆಯೂ ಏನೂ ಆಗಲಿಲ್ಲ. ಆದರೂ ಆ ತಿರುವಿಗೆ ಬಂದಾಗ, ಅವನ ‘ರಸ್ತೆ ಐತ್ರಿ’ ಕಿವಿಗೆ ಬೀಳುವ ತನಕ, ಕೆಂಪು ಗಾಜಿನ ಆಚೆ ಒಬ್ಬ ಮನುಷ್ಯ ನಮಗೆ ಬೆನ್ನು ಹಾಕಿ ಕಲ್ಲು ಇಡಲು ಬಗ್ಗುತ್ತಲೇ ಇದ್ದ. ನನ್ನ ಕಾಲು ಒತ್ತುತ್ತಲೇ ಇತ್ತು.

ಈಗ ಯಾರ ಕಾರಿನಲ್ಲಾದರೂ ಮಳೆಗೆ ಸಿಕ್ಕಿಕೊಂಡು ಮುಂದೆ ಏನಿದೆ ಎಂದು ಕೇಳಿದರೆ, ‘ನಿನಗೇ ಕಾಣುತ್ತಿದೆಯಲ್ಲ’ ಅನ್ನುತ್ತಾರೆ. ಕಾಣುತ್ತಿದೆ. ಯಾರಾದರೂ ಬಾಯಿಬಿಟ್ಟು ಹೇಳಲಿ ಎಂದು ಕಾಯುತ್ತ ಕಿಟಕಿಯನ್ನು ನಾಲ್ಕು ಬೆರಳು ಇಳಿಸುತ್ತೇನೆ, ಅವರು ಅದನ್ನು ಗುಂಡಿಯೊತ್ತಿ ಮತ್ತೆ ಏರಿಸುತ್ತಾರೆ.